ಬೆನ್ನಿಗಂಟಿದ ಮಣ್ಣು

ಬೆನ್ನು ನೆಲಕ್ಕೆ ಬಡಿದ ಮೇಲೇ ನಾನು ಸೋತೆನೆಂದು ಗೊತ್ತಾಗಿದ್ದು. ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ನಮ್ಮ ಗರಡಿಮನೆಯಲ್ಲಿ ನನ್ನನ್ನು ಹಾಗೆ ಕೆಡವಿದವನು ಮಾಡದಕೆರೆ ಕಡೆಯ ಒಬ್ಬ ಕುರಿಗಾಹಿ. ದಾರಿಯಲ್ಲಿ ಹೋಗುತ್ತಿದ್ದವನು, ಒಂದು ಕೈ ನೋಡೋಣವೆಂದು ಅಖಾಡಕ್ಕೆ ಇಳಿದಿದ್ದ. ಗೆದ್ದ ಕೂಡಲೇ ಕಂಬಳಿ ಹೆಗಲಿಗೇರಿಸಿ, ಕುರಿ ಹೊಡೆದುಕೊಂಡು ಹೊರಟೇಬಿಟ್ಟ.

ನಾನು ಮಾತ್ರ ಮೈಯೆಲ್ಲ ಮಣ್ಣು ಮೆತ್ತಿಕೊಂಡು, ಎಲ್ಲರೆದುರು ಕುದಿಯುತ್ತ ಅಲ್ಲೇ ನಿಂತಿದ್ದೆ. ಸೋತವನ ಬೆನ್ನಿನ ಮಣ್ಣನ್ನು ಗೆದ್ದವನೇ ಒರೆಸಬೇಕು. ಅಲ್ಲಿಯವರೆಗೆ ಸೋತವನು ಅಖಾಡ ಬಿಡುವಂತಿಲ್ಲ, ಬೇರೆ ಜೋಡಿ ಇಳಿಯುವಂತಿಲ್ಲ. ಇದು ನಮ್ಮ ಉಸ್ತಾದರ ಕಟ್ಟಳೆ. ಕೊನೆಗೆ ಯಾರೋ ಓಡಿಹೋಗಿ ಅವನನ್ನು ಕರೆತಂದರು. ಅವನ ಹಿಂದೆಯೇ ಕುರಿಗಳೂ ಗರಡಿಯೊಳಗೆ ನುಗ್ಗಿದವು!

ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದವರನ್ನು ಬೈದು ಅಟ್ಟುತ್ತಿದ್ದ ಉಸ್ತಾದರ ಮುಖವನ್ನು ನಾವೆಲ್ಲ ಹೆದರಿ ನೋಡಿದೆವು.

“ಬರ್ಲಿ ಬಿಡ್ರಲೇ, ಅವೇನು ಚಪ್ಪಲಿ ಹಾಕ್ಕಂಡವಾ?” ಅಂದುಬಿಟ್ಟರು ಅವರು.

ಕುರಿಗಾಹಿ ಸಂಕೋಚದಿಂದ ಬಂದು, ಕಂಬಳಿಯ ಅಂಚಿನಿಂದ ನನ್ನ ಬೆನ್ನು ಒರೆಸತೊಡಗಿದ. ಹೆಗಲ ಮೂಳೆಯ ಹತ್ತಿರ ಅವನ ಕೈ ಮೆತ್ತಗಾಯಿತು. ಮರಿಯೊಂದನ್ನು ಮಾತಾಡಿಸುವ ಹಾಗೆ ಕೇಳಿದ: “ನೋವಾತೇನಪ್ಪ?”

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಮುಂದೆ ಎಷ್ಟೋ ಕುಸ್ತಿ ಗೆದ್ದೆ. ಹೇಗೆ ಗೆದ್ದೆನೆಂಬುದು ಈಗ ನೆನಪಿಲ್ಲ. ಆದರೆ ಸೋತವನ ಬೆನ್ನಿನ ಮೇಲೆ ಕೈಯಿಟ್ಟಾಗಲೆಲ್ಲ, ನನ್ನ ಬಾಯಿಂದ ಮೊದಲು ಹೊರಡುತ್ತಿದ್ದದ್ದು ಅದೇ ಮಾತು: “ನೋವಾತೇನಪ್ಪ?”