ಲಕೋಟೆಯ ಮೇಲೆ ಬರೆಯದೆ ಬಿಟ್ಟದ್ದು

1963ರಲ್ಲಿ ನಾನು ಮಂಗಳೂರಿನ ಹಂಪನಕಟ್ಟೆಯ ಬಳಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತಂತ್ರಜ್ಞನಾಗಿದ್ದೆ. ಬಿ.ಎಸ್ಸಿ. ಮುಗಿಸಿ ಆ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು.

ಉಳ್ಳಾಲದ ಹಸನಬ್ಬ ಬ್ಯಾರಿಗಳು ಆರು ತಿಂಗಳಿಗೊಮ್ಮೆ ಬರುತ್ತಿದ್ದರು. ಅಣ್ಣನ ಜೊತೆ ಒಣಮೆಣಸಿನ ಅಂಗಡಿ ಅವರದು. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರನ್ನು ಮದರಾಸಿನಲ್ಲಿ ಕೊಯ್ದು ತೆಗೆದಿದ್ದರೂ ಅದು ಆಗಲೇ ಶ್ವಾಸಕೋಶಕ್ಕೆ ಹರಡಿ, ಮುಂಭಾಗದಲ್ಲಿ ಒಂದು ಗಂಟಾಗಿ ಕೂತಿತ್ತು. ಬಹಳ ನಿಧಾನದ ಜಾತಿ. ಬೆಳೆಯದಿದ್ದರೆ ಮುಟ್ಟುವುದು ಬೇಡ, ಬೆಳೆದರೆ ಇಂಜೆಕ್ಷನ್ ಎಂದು ಡಾಕ್ಟರು ನಿರ್ಧರಿಸಿದ್ದರು. ಆ ಇಂಜೆಕ್ಷನ್ ರಕ್ತದ ಬಿಳಿಕಣಗಳನ್ನೂ ಕೊಲ್ಲುತ್ತಿತ್ತು. ನಮ್ಮಲ್ಲಿ ಅದನ್ನು ಪಡೆದ ಇಬ್ಬರು ಸೋಂಕು ತಗುಲಿ ತೀರಿಹೋಗಿದ್ದರು. ಮೂರು ವರ್ಷದಿಂದ ಗಂಟು ಹದಿನಾಲ್ಕು ಮಿಲಿಮೀಟರಿನಲ್ಲೇ ನಿಂತಿತ್ತು.

ಫೆಬ್ರವರಿಯಲ್ಲಿ ಅವರು ಬಂದಾಗ ರಂಜಾನ್ ನಡೆಯುತ್ತಿತ್ತು. ಎಕ್ಸ್‌ರೇ ಸ್ಟ್ಯಾಂಡಿನ ಮುಂದೆ ನಿಂತವರೇ ತಲೆಸುತ್ತಿ ನನ್ನ ಭುಜ ಹಿಡಿದರು. ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದರು. ಅಣ್ಣ ಹೊರಗೆ ಬೆಂಚಿನಲ್ಲಿ ಕೂತಿದ್ದರು.

“ನಿಲ್ಲಲಿಕ್ಕೆ ಆಗಲಿಲ್ಲ ಅಂತ ಬರೀಬೇಡಿ ಮಾರಾಯ್ರೇ. ಅಣ್ಣ ಓದಿದ್ರೆ ಇವತ್ತೇ ಉಪವಾಸ ಬಿಡಿಸ್ತಾರೆ. ಮದುವೆಗೂ ಇಷ್ಟು ಫೋಟೋ ತೆಗೆಸಿದವನಲ್ಲ ನಾನು, ಇದೊಂದು ಉಪಕಾರ ಮಾಡಿ.”

ನಗುತ್ತಾ ಒಪ್ಪಿದೆ. ಮೇಜಿನ ಮೇಲೆ ಮಲಗಿಸಿ, ಬೆನ್ನಿನಡಿ ಫಿಲ್ಮ್ ಇಟ್ಟು ತೆಗೆದೆ. ಹಾಗೆ ತೆಗೆದರೆ, ಅಣ್ಣನ ಕೈಯಲ್ಲಿ ಡಾಕ್ಟರಿಗೆ ಕಳಿಸುವ ಫಿಲ್ಮಿನ ಲಕೋಟೆಯ ಮೇಲೆ ‘ಮಲಗಿಸಿ’ ಎಂದು ಬರೆಯುವ ನಿಯಮವಿತ್ತು. ಬರೆಯಲಿಲ್ಲ.

ಒಂದು ಗಂಟೆಯ ನಂತರ ಬೇರೆ ರೋಗಿಯ ಫಿಲ್ಮ್ ಕೊಡಲು ಡಾಕ್ಟರ ಕೋಣೆಗೆ ಹೋದಾಗ ನರ್ಸ್ ಸಿರಿಂಜ್ ಕುದಿಸುತ್ತಿದ್ದಳು. ಬ್ಯಾರಿಗಳು ಕುರ್ಚಿಯಲ್ಲಿದ್ದರು, ಅಣ್ಣ ಗೋಡೆಗೆ ಒರಗಿ ನಿಂತಿದ್ದರು.

“ಹದಿನೆಂಟು ಮಿಲಿಮೀಟರ್ ಆಗಿದೆ. ಇನ್ನು ಕಾಯುವ ಹಾಗಿಲ್ಲ” ಎಂದರು ಡಾಕ್ಟರು.

ದೀಪದ ಪೆಟ್ಟಿಗೆಯ ಮೇಲೆ ಹಳೆಯ ಫಿಲ್ಮ್ ಮತ್ತು ಹೊಸದು ಜೊತೆಯಾಗಿದ್ದವು. ಹೊಸದರಲ್ಲಿ ಹೃದಯವೂ ಹಿಗ್ಗಿದಂತೆ ಕಾಣುತ್ತಿತ್ತು. ನಿಂತಾಗ ಎದೆ ಫಿಲ್ಮಿಗೆ ಅಂಟಿರುತ್ತದೆ, ಎಕ್ಸ್‌ರೇ ಕೊಳವೆ ಆರು ಅಡಿ ದೂರ. ಮಲಗಿಸಿದಾಗ ಎದೆಯ ಮುಂಭಾಗ ಫಿಲ್ಮಿನಿಂದ ದೂರವಾಗುತ್ತದೆ, ಕೊಳವೆ ಮೂರೂವರೆ ಅಡಿಗೆ ಇಳಿಯುತ್ತದೆ. ದೀಪದ ಹತ್ತಿರ ಕೈ ಹಿಡಿದರೆ ಗೋಡೆಯ ಮೇಲೆ ನೆರಳು ದೊಡ್ಡದಾಗುವ ಹಾಗೆ, ಗಂಟೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

“ಸರ್, ಅದು ಮಲಗಿಸಿ ತೆಗೆದದ್ದು.”

ಡಾಕ್ಟರು ಲಕೋಟೆಯನ್ನು ತಿರುಗಿಸಿ ನೋಡಿದರು. “ಎಂತಕ್ಕೆ ಬರೀಲಿಲ್ಲ?”

ಕಾರಣ ಹೇಳಿದೆ. ಅಣ್ಣ ಕೇಳಿಸಿಕೊಂಡರು. ಬ್ಯಾರಿಗಳಿಗೆ ನೀರು ಕುಡಿಸಿ ಉಪವಾಸ ಬಿಡಿಸಿದರು. ಅವರು ನನ್ನತ್ತ ನೋಡದೆ ಕುಡಿದರು. ಅರ್ಧ ಗಂಟೆ ಬಿಟ್ಟು ಅಣ್ಣನೂ ನಾನೂ ಅವರನ್ನು ಆಚೀಚೆ ಹಿಡಿದು ನಿಲ್ಲಿಸಿದೆವು, ಮತ್ತೆ ಫಿಲ್ಮ್ ತೆಗೆದೆ. ಅದು ತೊಳೆದು ಬರುವವರೆಗಿನ ಸಮಯ ಈಗಲೂ ನನ್ನನ್ನು ಬಿಟ್ಟಿಲ್ಲ. ಹದಿನಾಲ್ಕು ಮಿಲಿಮೀಟರ್. ಡಾಕ್ಟರು ಸಿರಿಂಜಿನ ಒಲೆ ಆರಿಸಲು ನರ್ಸಿಗೆ ಹೇಳಿದರು.

ಆಮೇಲೆ ನಾನಲ್ಲಿದ್ದ ಆರು ವರ್ಷವೂ ಬ್ಯಾರಿಗಳು ತಪ್ಪದೆ ಬಂದರು, ಗಂಟಿನ ಜೊತೆಗೇ. ನನ್ನೊಡನೆ ಮೊದಲಿನಂತೆ ತಮಾಷೆ ಮಾಡಲಿಲ್ಲ. ಆ ಮುನಿಸು ನ್ಯಾಯವೇ ಆಗಿತ್ತು. ಆದರೆ ಮುನಿಸಿಕೊಳ್ಳಲು ಅವರು ಉಳಿದಿದ್ದರು. ರೋಗಿಯ ಮನಸ್ಸು ನೋಯಬಾರದೆಂದು ಒಂದು ಪದ ಬಿಡುವುದು ದಯೆಯಲ್ಲ ಎಂಬುದನ್ನು ನಾನು ಕಲಿತದ್ದು ಹೀಗೆ.