ಏನೂ ಆಗಲ್ಲ ಸಿಸ್ಟರ್

ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರು ಕಡಿಮೆ. 'ಏನೂ ಆಗಲ್ಲ ಸಿಸ್ಟರ್' ಎಂದರೆ ಕಸ ಗುಡಿಸುವವನಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರಿಗೂ ಗೊತ್ತು. ಆಪರೇಷನ್ನಿಗೆ ಹೊರಟ ಸ್ಟ್ರೆಚರಿನ ಪಕ್ಕದಲ್ಲಿ ಬಾಗಿಲವರೆಗೂ ನಡೆದು, ಹೊದಿಕೆಯ ಅಂಚು ಸರಿಮಾಡಿ, ಆ ಎರಡು ಮಾತು ಹೇಳಿ ಕಳಿಸುವುದು ಆಕೆಯ ಪದ್ಧತಿ. ಹೇಳಿಸಿಕೊಂಡವರೆಲ್ಲ ವಾಪಸು ಬರುತ್ತಿದ್ದರು ಎಂದಲ್ಲ. ಬಾರದವರು ದೂರು ಕೊಡುವಂತಿರಲಿಲ್ಲ.

ಮಂಡಿ ಸವೆದು ವಾರ್ಡು ಭಾರವಾದಾಗ ಆಕೆ ಸಿ.ಬಿ.ಟಿ.ಯ ಸ್ನಾತಕೋತ್ತರ ತರಬೇತಿಗೆ ಸೇರಿದಳು. ಮಾತಿನ ಮೂಲಕವೇ ರೋಗಿಯ ಯೋಚನೆಯನ್ನೂ ನಡವಳಿಕೆಯನ್ನೂ ಹದಕ್ಕೆ ತರುವ ಚಿಕಿತ್ಸೆ ಅದು. ಸಿಟಿ ಬಸ್ಸಿನ ಡ್ರೈವರಾದ ಗಂಡ ನಕ್ಕ. "ಇಷ್ಟು ವರ್ಷ ಪುಕ್ಕಟೆ ಹೇಳಿದ್ದನ್ನ ಈಗ ಫೀಸು ಕಟ್ಟಿ ಕಲೀತೀಯಾ?"

ಕಲಿಯುವುದಲ್ಲ, ಮರೆಯುವುದೇ ಪಾಠವೆಂದು ಮೊದಲ ವಾರವೇ ತಿಳಿಯಿತು.

"ರೋಗಿಗೆ ಧೈರ್ಯ ಹೇಳಬೇಡಿ," ಎಂದರು ಮೇಷ್ಟ್ರು. "ಆತಂಕದವರಿಗೆ ಅದು ತುರಿಕೆಗೆ ಕೆರೆದ ಹಾಗೆ. ಬಾಗಿಲು ದಾಟೋದ್ರೊಳಗೆ ಖರ್ಚಾಗುತ್ತೆ, ಮತ್ತೆ ಕೇಳೋಕೆ ಬರ್ತಾರೆ."

ಆಕೆಯ ಪಾಲಿಗೆ ಬಂದ ರೋಗಿ ಒಬ್ಬ ದರ್ಜಿ. ಇಸ್ತ್ರಿಪೆಟ್ಟಿಗೆ ಆರಿಸದೆ ಬಂದಿದ್ದೇನೆ, ಅಂಗಡಿ ಹೊತ್ತಿಕೊಳ್ಳುತ್ತದೆ ಎಂಬ ಭಯ ಅವನಿಗೆ. ಬೀಗ ಹಾಕುವನು, ತೆಗೆಯುವನು, ಮುಟ್ಟಿ ನೋಡುವನು. ಮನೆಯ ಅರ್ಧ ದಾರಿಯಿಂದ ಹಿಂದಿರುಗುವನು. ಅವನ ಒಪ್ಪಿಗೆ ಪಡೆದು ಒಂದು ಭೇಟಿಯ ಮಾತನ್ನೆಲ್ಲ ರೆಕಾರ್ಡು ಮಾಡಿ ಮೇಷ್ಟ್ರಿಗೆ ಒಪ್ಪಿಸಬೇಕು. ಅವರು ಕೇಳಿ ಅಂಕ ಹಾಕಿ ಪಾಸು ಮಾಡಿದರೆ ಮಾತ್ರ ಪದವಿ.

ಎರಡು ರೆಕಾರ್ಡು ಫೇಲಾದವು. ಎರಡರಲ್ಲೂ ಎಲ್ಲ ಚೆನ್ನಾಗಿ ನಡೆದು, ಕೊನೆಗೆ ದರ್ಜಿ ಬಾಗಿಲ ಹತ್ತಿರ ನಿಂತು ಮುಖ ಸಣ್ಣ ಮಾಡಿಕೊಂಡಾಗ, ಆ ಎರಡು ಮಾತು ತಾವಾಗಿಯೇ ಜಾರಿದ್ದವು. ಹುಟ್ಟುಗುಣ ಸುಟ್ಟರೂ ಹೋಗದು. "ಇನ್ನೊಂದೇ ಅವಕಾಶ," ಎಂದರು ಮೇಷ್ಟ್ರು.

ಆಕೆ ಮನೆಯನ್ನೇ ಶಾಲೆ ಮಾಡಿಕೊಂಡಳು. "ನಾನು ಏನೇ ಕೇಳಿದ್ರೂ 'ಏನೂ ಆಗಲ್ಲ ಬಿಡು' ಅನ್ಬೇಡಿ ರೀ. ಆ ಮಾತೇ ಈ ಮನೇಲಿ ಬೇಡ."

"ಸರಿ ಡಾಕ್ಟ್ರೇ," ಎಂದ ಗಂಡ. ಅವನು ಆಕೆಗಿಂತ ಬೇಗ ಕಲಿತ.

ಮೂರನೆಯ ರೆಕಾರ್ಡಿನ ದಿನ ದರ್ಜಿ ಬಂದಾಗ ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಹಿಂದಿನ ಭೇಟಿಯಲ್ಲಿ ಆಕೆಯೊಂದಿಗೆ ಆದ ಒಪ್ಪಂದದಂತೆ, ಅಂದು ಮೊದಲ ಸಲ ಇಸ್ತ್ರಿಪೆಟ್ಟಿಗೆಯನ್ನು ತಿರುಗಿ ನೋಡದೆ ಬೀಗ ಹಾಕಿದ್ದ.

"ಸಿಸ್ಟರ್, ನೋಡದೇ ಬಂದ್ಬಿಟ್ಟಿದೀನಿ. ಏನೂ ಆಗಲ್ಲ ಅಲ್ವಾ?"

ಸ್ಟ್ರೆಚರಿನ ಮೇಲಿನವರು ಕೇಳುತ್ತಿದ್ದುದೂ ಇದೇ ದನಿಯಲ್ಲಿ. ಆಕೆ ತುಟಿ ಬಿಗಿದಳು. ಒಳಗೆ ತಡೆದು ನಿಲ್ಲಿಸಿದ ಮಾತಿನ ಹಿಂದೆ, ಅದನ್ನು ನಂಬಿ ಆ ಬಾಗಿಲ ಒಳಗೆ ಹೋಗಿ ಮರಳದ ಮುಖಗಳೆಲ್ಲ ಒಂದೊಂದಾಗಿ ಬಂದು ನಿಂತವು. ಕಣ್ಣು ತುಂಬಿ ಹರಿಯಿತು. ಮೇಜಿನ ಮೇಲೆ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು, ಕಣ್ಣೀರಿಗೆ ಸದ್ದಿಲ್ಲ. ದರ್ಜಿ ನೋಡಿದ. ಜೇಬಿನಿಂದ ಒಂದು ಚೂರು ಬಟ್ಟೆ ತೆಗೆದು ಆಕೆಯತ್ತ ಸರಿಸಿದ. ಅದಕ್ಕೂ ಸದ್ದಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಅವನೇ ಅಂದ: "ಹೊತ್ಕೊಂಡ್ರೂ ಹೊತ್ಕೋಬಹುದು. ಇಲ್ದೇನೂ ಇರಬಹುದು. ಇರ್ಲಿ, ಕೂತಿರ್ತೀನಿ."

ಅಂಗಡಿ ಹೊತ್ತಿಕೊಳ್ಳಲಿಲ್ಲ. ಪೆಟ್ಟಿಗೆ ಆರಿತ್ತೋ ಇಲ್ಲವೋ ಆಕೆ ವಿಚಾರಿಸಲಿಲ್ಲ. ವಿಚಾರಿಸುವಂತೆಯೂ ಇರಲಿಲ್ಲ.

ಫಲಿತಾಂಶದ ಹಿಂದಿನ ಸಂಜೆ ಆಕೆ ಪಾತ್ರೆ ತೊಳೆಯುತ್ತ ಕೇಳಿದಳು. "ಏನ್ರೀ, ನಾನು ಪಾಸಾಗ್ತೀನಿ ಅಲ್ವಾ?"

"ಆಗದೇನೂ ಇರಬಹುದು," ಎಂದ ಗಂಡ, ತಟ್ಟೆ ಒರೆಸುತ್ತ. "ಆಗದಿದ್ರೆ ಏನಾಗುತ್ತೆ ಅಂತ ಅನ್ಸುತ್ತೆ ನಿಂಗೆ?"

ಆಕೆ ಆ ತಟ್ಟೆಯನ್ನು ಅವನ ಕೈಯಿಂದ ಕಿತ್ತುಕೊಂಡು ಇನ್ನೊಮ್ಮೆ ತೊಳೆದಳು.

ಮರುದಿನ ಮೇಷ್ಟ್ರು ರೆಕಾರ್ಡು ಹಾಕಿ, ಮಾತು ನಿಂತ ಕಡೆ ಬೆರಳೆತ್ತಿದರು. "ಈ ಮೌನ ಕೇಳಿ. ಎಂಥ ಹಿಡಿತ. ಮುಂದಿನ ತಂಡದವರಿಗೆ ಇದನ್ನೇ ಕೇಳಿಸ್ತೀನಿ."

"ಸಾರ್, ಅದು ಹಿಡಿತ ಅಲ್ಲ. ಅಳ್ತಾ ಇದ್ದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಾವು ಅಂಕ ಕೊಡೋದು ಕೇಳಿಸಿದ್ದಕ್ಕೆ ಮಾತ್ರ. ಪಾಸು."

ಸಂಜೆ ಗಂಡ ಮನೆಯ ಬಾಗಿಲಲ್ಲೇ ನಿಂತಿದ್ದ, ಯೂನಿಫಾರ್ಮು ಬಿಚ್ಚದೆ. ಆಕೆಯ ಮುಖ ನೋಡಿಯೇ ತಿಳಿಯಿತು ಅವನಿಗೆ.

"ಗೊತ್ತಿತ್ತು ಬಿಡು ನಂಗೆ."

"ಗೊತ್ತಿತ್ತಾ? ಮತ್ತೆ ನಿನ್ನೆ ಒಂದು ಮಾತು ಹೇಳೋಕೆ ಏನಾಗಿತ್ತು?"

"ನೀನೇ ತಾನೆ ಬೇಡ ಅಂದಿದ್ದು," ಎಂದ ಅವನು. "ರಾತ್ರಿಯೆಲ್ಲ ನಾಲಿಗೆ ಕಚ್ಕೊಂಡು ಮಲಗಿದ್ದೆ."