ಅಬಲೂರಿನಲ್ಲಿ ಲಾವಾ ಲಾವಣಿ

1987ರ ಫೆಬ್ರುವರಿಯ ಒಂದು ಬೆಳಿಗ್ಗೆ ಏಳಕ್ಕೆ ಸವಣೂರು ಬಿಟ್ಟೆ. ಕಂಕುಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ನಕ್ಷೆಗಳ ಸುರುಳಿ, ಚೀಲದಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿದ ಸವಣೂರಿನ ವೀಳ್ಯದೆಲೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಅಬಲೂರಿನಲ್ಲಿ ಮಾಸ್ತರನಾಗಿದ್ದ ನನ್ನ ಹಳೆಯ ವಿದ್ಯಾರ್ಥಿ ಮಲ್ಲಪ್ಪ ಕಾಗದ ಬರೆದಿದ್ದ. ಗುಡಿಯ ಪೌಳಿಯಲ್ಲಿ ವಾರಕ್ಕೊಂದು ಸಂಜೆ ದೊಡ್ಡವರಿಗಾಗಿ ತಿಳುವಳಿಕೆಯ ಮಾತು ನಡೆಸುವ ಆಸೆ ಅವನದು. ಹಿರಿಯರು ಒಂದು ಸಲ ನೋಡೋಣ ಎಂದಿದ್ದರು. ಜನ ನಡುವೆ ಎದ್ದು ಹೋದರೆ ಪೌಳಿ ಮತ್ತೆ ಸಿಗುವುದಿಲ್ಲ. ಹವಾಯಿ ದ್ವೀಪದಲ್ಲಿ ನಾಲ್ಕು ವರ್ಷದಿಂದ ನಿಲ್ಲದೆ ಉಕ್ಕುತ್ತಿದ್ದ ಬೆಂಕಿಬೆಟ್ಟದ ಹುಚ್ಚು ನನಗಾಗ ಹಿಡಿದಿತ್ತು. “ಲಾವಾ ವಿಷಯ ಹೇಳುತ್ತೇನೆ” ಎಂದು ಉತ್ತರ ಹಾಕಿದ್ದೆ.

ಬಂಕಾಪುರದಲ್ಲಿ ಬಸ್ಸು ಬದಲಿಸಿ ಹತ್ತೂವರೆಗೆ ಹಾನಗಲ್ಲು ಮುಟ್ಟಿದೆ. ಚುರುಮುರಿ, ಮಿರ್ಚಿ ತಿಂದು ಹಿರೇಕೆರೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಸುರುಳಿ ನೋಡಿದ.

“ಅಕ್ಕಾರ, ತಂಬೂರಿ ಸೀಟಿನ ಕೆಳಗ ಇಡ್ರಿ.”

“ತಂಬೂರಿ ಅಲ್ರಿ, ನಕಾಶಿ. ಅಬಲೂರಾಗ ಲಾವಾ ಹೇಳಾಕ ಹೊಂಟೇನಿ.”

“ಗೊತ್ತೈತ್ರಿ. ನಮ್ಮ ಬೀಗರ ಊರದು. ನಿನ್ನಿ ಡಂಗುರ ಹೊಡದಾರ.”

ಭೂಗೋಳಕ್ಕೂ ಡಂಗುರವೇ ಎಂದು ನಾನು ದಾರಿಯುದ್ದಕ್ಕೂ ಉಬ್ಬಿಹೋದೆ.

ಅಬಲೂರು ಸೇರಿದಾಗ ನಾಲ್ಕು ಗಂಟೆ, ಬಿಸಿಲು ಇನ್ನೂ ಚುರುಕಾಗಿತ್ತು. ಪೌಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಲ್ಲಪ್ಪನ ಮುಖ ಮಾತ್ರ ಬಾಡಿತ್ತು. “ಬಾಯಾರ, ಘಾತ ಆತ್ರಿ. ನಾ ಲಾವಾ ಅಂತ ಸಾರಾಕ ಹೇಳಿದ್ದೆ. ಡಂಗುರದ ಫಕೀರಪ್ಪ ಲಾವಣಿ ಅಂತ ಸಾರ್‍ಯಾನ.”

ಫಕೀರಪ್ಪ ಅಲ್ಲೇ ನಿಂತಿದ್ದ. “ಮಾಸ್ತರು ಮಾತಿನ ಬಾಲ ನುಂಗ್ಯಾರಂತ ನಾನ ಸೇರಿಸಿದೆರಿ” ಎಂದ.

ಲಾವಣಿಗೆ ಎರಡು ಪಂಗಡ ಬೇಕಲ್ಲ, ನನ್ನ ಎದುರು ಹಾಡಲು ಹುಲಗೂರಿನಿಂದ ಇಮಾಮಸಾಬರೆಂಬ ಹಿರಿಯ ಹಾಡುಗಾರರು ದಪ್ಪು ಹಿಡಿದು ಬಂದು ಕೂತಿದ್ದರು. ನನಗೆ ಹಾಡು ಬರುವುದಿಲ್ಲ ಎಂದು ನಾಚಿಕೆ ಬಿಟ್ಟು ಹೇಳಿಬಿಟ್ಟೆ. ಹಿಂದಿನ ಸಾಲಿನವರು ಧೋತರ ಕೊಡವಿಕೊಂಡು ಎದ್ದರು. ಮಲ್ಲಪ್ಪ ನೆಲ ನೋಡತೊಡಗಿದ.

ಇಮಾಮಸಾಬರು ದಪ್ಪಿಗೆ ಒಂದೇಟು ಹಾಕಿದರು. “ಕುಂಡ್ರಿ. ಲಾವಣ್ಯಾಗ ಸವಾಲು, ಜವಾಬು ಇರ್ತಾವು. ಸವಾಲು ನಾ ಹಾಕ್ತೇನಿ, ಜವಾಬು ಬಾಯಾರು ಕೊಡ್ಲಿ. ತಪ್ಪಿದರ ನಾನೂ ಎದ್ದು ಹೊಕ್ಕೇನಿ.”

ನಕ್ಷೆ ಬಿಚ್ಚಿ ಗೋಡೆಗೆ ತೂಗುಹಾಕಿದೆ. ಆ ಬೆಂಕಿಬೆಟ್ಟದಲ್ಲಿ ಮೊದಲ ಮೂರು ವರ್ಷ ಕೆಂಡದ ಕಾರಂಜಿ ಕೆಲವು ವಾರಕ್ಕೊಮ್ಮೆ ಮುಗಿಲಿಗೆ ಚಿಮ್ಮಿ ತಣ್ಣಗಾಗುತ್ತಿತ್ತು, ಆಮೇಲೆ ಚಿಮ್ಮುವುದೇ ನಿಂತಿತು ಎಂದೆ.

ಇಮಾಮಸಾಬರು ರಾಗವೆಳೆದು ಕೇಳಿದರು, “ಮುಗಿಲಿಗೆ ಹಾರಿದ ಬೆಂಕಿ ಯಾಕ ಕುಂತಿತವ್ವಾ, ಸತ್ತಿತೇನ?”

“ಸತ್ತಿಲ್ರಿ, ಬಾಯಿ ಬದಲಿಸೇತಿ. ಬ್ಯಾರೆ ಕಡೆ ಬಾಯಿ ತಗದು, ಸದ್ದಿಲ್ಲದ ದಿನಾ ಹರಿಯಾಕತ್ತೈತಿ.”

“ಹರಿಯೂ ಬೆಂಕಿ ದಾರ್‍ಯಾಗ ಆರೂದಿಲ್ಲೇನ?”

“ಬಿಸಿ ಅಂಬಲಿ ಮ್ಯಾಲೆ ಕೆನಿ ಕಟ್ಟಿದ್ಹಂಗ ಮ್ಯಾಲಿಂದು ಆರಿ ಕಲ್ಲಾಗತೈತಿ. ಒಳಗ ಕೊಳವಿ ಉಳೀತೈತಿ. ಅದರಾಗ ಬಿಸಿ ಬಿಸಿನ ಮುಂದಕ್ಕ ಹೊಕ್ಕೈತಿ.”

ಹೆಂಗಸರ ಕಡೆಯಿಂದ, ಆರಿದೆಯೆಂದು ಅಂಬಲಿ ಕುಡಿದು ನಾಲಿಗೆ ಸುಟ್ಟುಕೊಂಡ ಗಂಡಂದಿರ ಹೆಸರುಗಳು ಒಂದೊಂದಾಗಿ ಕೇಳಿಬಂದವು. ಎದ್ದವರು ಕೂತರು.

“ಕಡೀ ಸವಾಲು. ಹಾರೂದು ಜೋರೋ, ಹರಿಯೂದು ಜೋರೋ?”

“ಹಾರಿದ್ದರಾಗ ಭಾಳಷ್ಟು ಬಾಯಿ ಸುತ್ತನ ಬಿದ್ದು ಗುಡ್ಡ ಆತ್ರಿ. ಸುಮ್ಮನ ಹರಿದದ್ದು ಮನಿ ಸುಟ್ಟು ಸಮುದ್ರ ಮುಟ್ಟೇತಿ.”

ಅವರು ದಪ್ಪು ಕೆಳಗಿಟ್ಟರು. “ಸೋತೆ. ಹರೇದಾಗ ನಾನೂ ಹಾರಿ ಹಾರಿ ಹಾಡಿದಾವ. ಈಗ ಕುಂತ ಹಾಡ್ತೇನಿ.” ನಾನು ತಂದಿದ್ದ ಎಲೆಯ ಕಟ್ಟನ್ನು ಅವರ ಮುಂದಿಟ್ಟೆ. ನನಗೆ ಅಷ್ಟು ಸಂತೋಷವಾಗಿತ್ತು.

ಊರ ಹಿರಿಯರೊಬ್ಬರು ಕೇಳಿದರು, “ಆ ಬೆಂಕಿ ಮುಂದ ಎಲ್ಲಿ ತನಕ ಹೊಕ್ಕೈತ್ರಿ?”

“ಯಾರಿಗೂ ಗೊತ್ತಿಲ್ರಿ. ಇನ್ನೂ ನಿಂತಿಲ್ಲ.”

“ಹಂಗಾರ ನಮ್ಮದೂ ನಿಲ್ಲೂದು ಬ್ಯಾಡ. ಮಲ್ಲಪ್ಪ, ಮುಂದಿನ ವಾರಕ್ಕೂ ಪೌಳಿ ಕಸಾ ಹೊಡಸು.”

ಮರುದಿನ ಬೆಳಿಗ್ಗೆ ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಫಕೀರಪ್ಪ ಓಣಿಯ ಬಾಯಲ್ಲಿ ನಿಂತು ಡಂಗುರ ಬಾರಿಸುತ್ತಿದ್ದ. “ಮುಂದಿನ ವಾರ ಮತ್ತ ಲಾವಾ” ಎಂದು ಕೂಗಿ, ಮಲ್ಲಪ್ಪನ ಮನೆಯತ್ತ ಒಮ್ಮೆ ನೋಡಿ, “ಣಿ” ಎಂದು ಸೇರಿಸಿಯೇಬಿಟ್ಟ. ನಾನು ತಿದ್ದಲು ಹೋಗಲಿಲ್ಲ.